ಲಿನಕ್ಸ್ ಆಟಗಾರರ ನಾನೂರು ದೂರುಗಳು

‘ಡೆಲ್ಟಾ-ವಿ: ರಿಂಗ್ಸ್ ಆಫ್ ಸ್ಯಾಟರ್ನ್’ ಶನಿಯ ಉಂಗುರಗಳಲ್ಲಿ ಗಣಿಗಾರಿಕೆ ನಡೆಸುವ ಆಟ. ದೊಡ್ಡ ಕಂಪನಿಯ ಸರಕಲ್ಲ. ಇದನ್ನು ಕಟ್ಟಿದವರು 2021ರಲ್ಲಿ ತಮ್ಮ ಲೆಕ್ಕವನ್ನು ಬಿಚ್ಚಿಟ್ಟರು. ಮಾರಾಟವಾದ ಸುಮಾರು 12,000 ಪ್ರತಿಗಳಲ್ಲಿ ಲಿನಕ್ಸ್ ಬಳಕೆದಾರರು ಕೊಂಡದ್ದು 700ರಷ್ಟು. ಆದರೆ ಬಂದ 1,040 ದೋಷವರದಿಗಳಲ್ಲಿ ಹತ್ತಿರಹತ್ತಿರ 400 ಅವರವೇ! ಇಷ್ಟನ್ನೇ ಕೇಳಿದ ಯಾವ ಸಣ್ಣ ತಂಡವೂ ಈ ಉಸಾಬರಿ ಬೇಡವೆಂದೀತು. ಆದರೆ ಆ 400ರಲ್ಲಿ ಲಿನಕ್ಸಿನಲ್ಲಿ ಮಾತ್ರ ಕಾಣಿಸುವ ದೋಷ ಮೂರೇ ಮೂರು. ಮಿಕ್ಕವು ವಿಂಡೋಸ್‌ನವರನ್ನೂ ಕಾಡುವಂಥವು. ಲಿನಕ್ಸ್‌ನವರು ದೋಷ ಮರುಕಳಿಸುವ ಬಗೆಯನ್ನೂ ಲಾಗ್ ಕಡತವನ್ನೂ ಜೊತೆಗಿಟ್ಟು ಬರೆದಿದ್ದರು. ಸಂಬಳವಿಲ್ಲದ ಪರೀಕ್ಷಕರು ಸಿಕ್ಕಂತಾಯಿತು.

ಹಾಗಾದರೆ ಆಟವನ್ನು ಲಿನಕ್ಸಿಗೆಂದೇ ಮತ್ತೆ ಕಟ್ಟಬೇಕೆ? ಈಗ ಬಹುಪಾಲು ಬೇಕಿಲ್ಲ. 2018ರಲ್ಲಿ ವಾಲ್ವ್ ಕಂಪನಿ ‘ಪ್ರೋಟಾನ್’ ಎಂಬ ತಂತ್ರಾಂಶ ಹೊರತಂದಿತು. ಅದರ ತಳಹದಿ 1993ರಿಂದ ಬೆಳೆಯುತ್ತ ಬಂದ ‘ವೈನ್’. ಪ್ರೋಟಾನ್ ಕಂಪ್ಯೂಟರಿನೊಳಗೆ ಇನ್ನೊಂದು ವಿಂಡೋಸನ್ನು ಓಡಿಸುವುದಿಲ್ಲ. ಆಟ ವಿಂಡೋಸ್‌ಗೆ ಕೊಡುವ ಕರೆಗಳನ್ನು ದುಭಾಷಿಯಂತೆ ಲಿನಕ್ಸಿಗೆ ಮುಟ್ಟಿಸುತ್ತದೆ. ಚಿತ್ರ ಬಿಡಿಸಲು ಆಟ ಡೈರೆಕ್ಟ್‌ಎಕ್ಸ್ ಭಾಷೆಯಲ್ಲಿ ಕೇಳಿದ್ದನ್ನು ‘ವಲ್ಕನ್’ ಭಾಷೆಗೆ ತಿರುಗಿಸುತ್ತದೆ. ಪ್ರೊಸೆಸರ್ ಅದೇ ಆದ್ದರಿಂದ ವೇಗವೂ ಅಷ್ಟೇನೂ ಕುಗ್ಗುವುದಿಲ್ಲ. 2022ರಲ್ಲಿ ಬಂದ, ಕೈಯಲ್ಲಿ ಹಿಡಿದು ಆಡುವ ಸ್ಟೀಮ್ ಡೆಕ್ ಓಡುವುದು ಲಿನಕ್ಸಿನಲ್ಲೇ, ಈ ಪ್ರೋಟಾನ್ ಬಲದಿಂದಲೇ.

ಎಡವುವ ಜಾಗಗಳೂ ಇವೆ. ನಡುನಡುವೆ ಬರುವ ವಿಡಿಯೊ ವಿಂಡೋಸಿನದೇ ಕೋಡೆಕ್ (ವಿಡಿಯೊ ಬಿಚ್ಚುವ ತಂತ್ರಾಂಶ) ನೆಚ್ಚಿಕೊಂಡಿದ್ದರೆ ಕಥೆಯ ಬದಲು ಬಣ್ಣದ ಪಟ್ಟೆಗಳು ಕಾಣಬಹುದು. ಮೋಸ ತಡೆಯುವ ತಂತ್ರಾಂಶಗಳದು ಬೇರೆಯೇ ರಗಳೆ. ಈಸಿ ಆಂಟಿ-ಚೀಟ್, ಬ್ಯಾಟಲ್‌ಐ ಎರಡೂ 2021ರಿಂದ ಪ್ರೋಟಾನ್‌ಗೆ ಒಗ್ಗುತ್ತವೆ, ಆದರೆ ಆಟ ಕಟ್ಟಿದವರು ಒಪ್ಪಿ ಆ ಸೌಲಭ್ಯವನ್ನು ಚಾಲೂ ಮಾಡಬೇಕು. ಒಬ್ಬರೇ ಆಡುವ ಪುಟ್ಟ ಆಟಗಳಿಗೆ ಇದರ ಗೊಡವೆಯೇ ಇಲ್ಲ.

ಗೋಡೋನಂಥ ಗೇಮ್ ಎಂಜಿನ್‌ನಲ್ಲಿ ಆಟ ಕಟ್ಟಿದವರು ಲಿನಕ್ಸ್ ಆವೃತ್ತಿಯನ್ನು ನೇರವಾಗಿಯೇ ತೆಗೆಯಬಹುದು. ಆಗ ಕಡತದ ಹೆಸರುಗಳ ಮೇಲೆ ನಿಗಾ ಬೇಕು. ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ವಿಂಡೋಸ್‌ಗೆ ಸಾಮಾನ್ಯವಾಗಿ ಒಂದೇ, ಲಿನಕ್ಸಿಗೆ ಬೇರೆ ಬೇರೆ. ಅಲ್ಲಿ ಸಲೀಸಾಗಿ ತೆರೆದುಕೊಂಡ ಚಿತ್ರ ಇಲ್ಲಿ ಕಾಣೆಯಾಗುವುದು ಎಷ್ಟೋ ಸಲ ಇದರಿಂದಲೇ.

ಆದ್ದರಿಂದ ಲಿನಕ್ಸ್ ಆಟಗಾರರು ಸಣ್ಣ ತಂಡವನ್ನು ಕೇಳುವಾಗ ‘ಲಿನಕ್ಸಿಗೂ ಕೊಡಿ’ ಎಂದು ಗಂಟುಬೀಳುವ ಬದಲು ‘ಬಿಡುಗಡೆಗೆ ಮೊದಲು ಪ್ರೋಟಾನ್‌ನಲ್ಲಿ ಒಮ್ಮೆ ಆಡಿಸಿ ನೋಡಿ, ಪರೀಕ್ಷಾ ಪ್ರತಿ ಕೊಟ್ಟರೆ ನಾವೂ ಆಡಿ ಲಾಗ್ ಕಳಿಸುತ್ತೇವೆ’ ಎನ್ನುವುದು ಮೇಲು.