ಆರನೆಯ ಪದದ ನಡುವಿನ ಅಕ್ಷರ

ನಮ್ಮ ಹನ್ನೊಂದನೆಯ ವರ್ಣತಂತುವಿನಲ್ಲಿ ಒಂದು ಪುಟ್ಟ ವಂಶವಾಹಿ ಇದೆ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯನ್ನು ಕಟ್ಟುವ ಬಗೆ ಅದರಲ್ಲಿ ಬರೆದಿದೆ. ಡಿಎನ್‌ಎ ಬರಹಕ್ಕೆ ಇರುವುದು ನಾಲ್ಕೇ ಅಕ್ಷರ: ಎ, ಟಿ, ಜಿ, ಸಿ. ಮೂರಕ್ಷರ ಸೇರಿದರೆ ಒಂದು ಪದ, ಒಂದು ಪದಕ್ಕೆ ಒಂದು ಅಮೈನೋ ಆಮ್ಲ.

ಈ ಡಿಎನ್‌ಎ ಕೋಶಕೇಂದ್ರವನ್ನು ಬಿಟ್ಟು ಕದಲುವುದಿಲ್ಲ. ಅದರ ಆರ್‌ಎನ್‌ಎ ನಕಲು ಮಾತ್ರ ಹೊರಗೆ ಬರುತ್ತದೆ. ಬರುವ ಮುಂಚೆ, ಪ್ರೋಟೀನಿಗೆ ಬೇಡದ ಎರಡು ತುಣುಕುಗಳನ್ನು ಕತ್ತರಿಸಿ ತೆಗೆದು ಉಳಿದ ಮೂರನ್ನು ಬೆಸೆಯುವ ಕೆಲಸ ನಡೆಯುತ್ತದೆ. ಎಲ್ಲಿ ಕತ್ತರಿಸಬೇಕೆಂಬ ಗುರುತು ಕೆಟ್ಟರೆ ಬೀಟಾ ಸರಪಳಿ ಸಾಕಷ್ಟು ತಯಾರಾಗುವುದಿಲ್ಲ. ಭಾರತದಲ್ಲಿ ಬೀಟಾ ಥಲಸ್ಸೀಮಿಯಾ ಎಂಬ ರಕ್ತದ ಕಾಯಿಲೆಗೆ ಬಹುಪಾಲು ಇಂಥ ತಪ್ಪೇ ಕಾರಣ. ಸರಿಯಾದ ನಕಲನ್ನು ರೈಬೋಸೋಮು ಪದ ಪದವಾಗಿ ಓದಿ, ಅಮೈನೋ ಆಮ್ಲಗಳನ್ನು ಪೋಣಿಸುತ್ತಾ ಹೋಗುತ್ತದೆ. ಮೊದಲ ಕೊಂಡಿ ಕಳಚಿದ ಮೇಲೆ 146 ಉಳಿಯುತ್ತವೆ.

ಅವುಗಳಲ್ಲಿ ಆರನೆಯದನ್ನು ನೋಡಿ. ಅಲ್ಲಿರುವ ಪದ ಜಿಎಜಿ, ಅಂದರೆ ಗ್ಲುಟಾಮಿಕ್ ಆಮ್ಲ. ಕೊನೆಯ ಅಕ್ಷರ ಬದಲಾಗಿ ಜಿಎಎ ಆದರೂ ತೊಂದರೆಯಿಲ್ಲ, ಅದೂ ಗ್ಲುಟಾಮಿಕ್ ಆಮ್ಲವೇ. ನಡುವಿನ ಎ ಹೋಗಿ ಟಿ ಬಂತೋ, ವ್ಯಾಲಿನ್ ಬಂದು ಕೂರುತ್ತದೆ. ಮೊದಲಿನದು ನೀರಿಗೆ ಒಗ್ಗುವಂಥದು, ಇದು ನೀರಿಗೆ ಒಗ್ಗದು. ಹಾಗಾಗಿ ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಅಣುಗಳು ಒಂದಕ್ಕೊಂದು ಅಂಟಿ ಉದ್ದನೆಯ ಎಳೆಗಳಾಗುತ್ತವೆ. ಕೆಂಪು ಕಣ ಬಿರುಸಾಗಿ, ಕುಡುಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಸುಮಾರು 120 ದಿನ ಬಾಳಬೇಕಾದ ಕಣ 10-20 ದಿನಕ್ಕೇ ಒಡೆಯುತ್ತದೆ. ಮೂಳೆಗಳಲ್ಲಿ ತಡೆಯಲಾಗದ ನೋವು, ರಕ್ತಹೀನತೆ, ಗುಲ್ಮಕ್ಕೆ ಹಾನಿ, ಪದೇ ಪದೇ ಸೋಂಕು: ಇದೇ ಸಿಕಲ್ ಸೆಲ್ ಕಾಯಿಲೆ. ಇದು ಅಣುವಿನ ರೋಗವೆಂದು 1949ರಲ್ಲಿ ಲೈನಸ್ ಪಾಲಿಂಗ್ ತಂಡ ತೋರಿಸಿತು. ಬದಲಾದದ್ದು ಒಂದೇ ಅಮೈನೋ ಆಮ್ಲವೆಂದು ಕೆಲವೇ ವರ್ಷಗಳಲ್ಲಿ ಕೇಂಬ್ರಿಜ್‌ನ ವರ್ನನ್ ಇನ್‌ಗ್ರಾಮ್ ಕಂಡುಹಿಡಿದರು.

ಇಷ್ಟು ಕ್ರೂರವಾದ ಬದಲಾವಣೆ ತಲೆಮಾರುಗಳಿಂದ ಅಳಿಯದೆ ಉಳಿದದ್ದೇಕೆ? ಉತ್ತರ ಮಲೇರಿಯಾದಲ್ಲಿದೆ. ತಂದೆ ಅಥವಾ ತಾಯಿ, ಒಬ್ಬರಿಂದ ಮಾತ್ರ ಈ ಬದಲಾವಣೆ ಪಡೆದವರು ವಾಹಕರು. ಸಾಮಾನ್ಯವಾಗಿ ಆರೋಗ್ಯವಾಗಿರುತ್ತಾರೆ, ಮಲೇರಿಯಾ ಅವರನ್ನು ಅಷ್ಟಾಗಿ ಕೊಲ್ಲುವುದಿಲ್ಲ. ಮಲೇರಿಯಾ ಕಾಡಿದ ನಾಡುಗಳಲ್ಲಿ ಇದು ಎಷ್ಟೋ ಮಕ್ಕಳ ಜೀವ ಉಳಿಸಿದೆ. ಭಾರತದಲ್ಲಿ 1952ರಲ್ಲಿ ಇದು ಮೊದಲು ಗುರುತಾದದ್ದು ನೀಲಗಿರಿಯ ಬುಡಕಟ್ಟು ಜನರಲ್ಲಿ. ನಮ್ಮ ಚಾಮರಾಜನಗರದ ಸೋಲಿಗರಲ್ಲೂ ಇದೆ. ಇದನ್ನು ಶಾಪವೆನ್ನುವುದು, ಹೆತ್ತವಳನ್ನು ದೂರುವುದು ಅನ್ಯಾಯ.

ಇಬ್ಬರೂ ವಾಹಕರಾದ ದಂಪತಿಗೆ ಪ್ರತಿ ಗರ್ಭದಲ್ಲೂ ನಾಲ್ಕರಲ್ಲೊಂದು ಪಾಲು ಮಗುವಿಗೆ ಕಾಯಿಲೆ ಬರುವ ಸಂಭವವಿದೆ. ಹೈಡ್ರಾಕ್ಸಿಯೂರಿಯಾ ಮಾತ್ರೆಯಿಂದ ನೋವಿನ ದಾಳಿ ಕಡಿಮೆಯಾಗುತ್ತದೆ. 2023ರಲ್ಲಿ ಬ್ರಿಟನ್, ಅಮೆರಿಕಗಳು ಒಪ್ಪಿದ ಜೀನ್ ತಿದ್ದುವ ಚಿಕಿತ್ಸೆ ಮಾತ್ರ ಬಡವರ ಕೈಗೆಟುಕದಷ್ಟು ದುಬಾರಿ. ಅದೇ ವರ್ಷ ಕೇಂದ್ರ ಸರ್ಕಾರ ಬುಡಕಟ್ಟು ಪ್ರದೇಶಗಳ 7 ಕೋಟಿ ಜನರನ್ನು ಪರೀಕ್ಷಿಸುವ ಯೋಜನೆ ಆರಂಭಿಸಿದೆ. ನಿಮ್ಮ ಹಾಡಿಗೆ ಪರೀಕ್ಷೆಯವರು ಬಂದರೆ ಹಿಂಜರಿಯದೆ ರಕ್ತ ಕೊಡಿ. ಮದುವೆಯ ಮಾತು ನಡೆಯುವ ಮುಂಚೆಯೇ ಫಲಿತಾಂಶ ತಿಳಿದುಕೊಳ್ಳಿ.