ಹೇಮಾವತಿ ದಂಡೆಯಲ್ಲಿ ಒಂದು ಬೆಳಗು



ಕಾಫಿ ಕುಯಿಲು ಮುಗಿಯುವ ಮುನ್ನ ಹಕ್ಕಿ ನೋಡಲು ಹೊರಟೆವೆಂದರೆ ನಗುವವರೇ ಹೆಚ್ಚು. ಆದರೂ ಜನವರಿಯ ಒಂದು ಭಾನುವಾರ, ಕೆಲಸಕ್ಕೆ ರಜೆಯಿದ್ದ ದಿನ, ನಾವು ಮೂವರು ಬೆಳೆಗಾರರು ಒಂದು ಹಳೆಯ ದುರ್ಬೀನು, ಫ್ಲಾಸ್ಕಿನ ತುಂಬ ಕಾಫಿ ಹಿಡಿದು ಸಕಲೇಶಪುರ ಪಟ್ಟಣದಲ್ಲಿ ಹೊಳೆಗೆ ಇಳಿದೆವು. ಮಂಜು ಇನ್ನೂ ನೀರಿನ ಮೇಲೆಯೇ ಮಲಗಿತ್ತು. ಸೇತುವೆಯ ಮೇಲೆ ಲಾರಿಗಳ ಸದ್ದು, ಹೊಳೆ ಮಲ್ಲೇಶ್ವರನ ಗುಡಿಯ ಕಡೆಯಿಂದ ಗಂಟೆಯ ಸದ್ದು.

ಮೊದಲು ಕಂಡದ್ದು ಬಂಡೆಯ ಮೇಲೆ ರೆಕ್ಕೆ ಹರಡಿ ಕೂತ ನೀರುಕಾಗೆ. ಅದರ ಪಕ್ಕದಲ್ಲೇ ಬೂದು ಸಿಪಿಲೆ, ನಮ್ಮ ಹುಡುಗರ ಬಾಯಲ್ಲಿ ಕುಂಡೆಕುಸ್ಕ. ಹೊಟ್ಟೆ ಹಳದಿ, ಬಾಲಕ್ಕೆ ಒಂದು ಕ್ಷಣವೂ ವಿರಾಮವಿಲ್ಲ. ಹಿಮಾಲಯದಲ್ಲಿ ಮತ್ತು ಅದರಾಚೆಯ ನಾಡುಗಳಲ್ಲಿ ಮರಿಮಾಡಿ, ಮಳೆ ಹಿಂದಾಗುವ ಹೊತ್ತಿಗೆ ನಮ್ಮ ಹಳ್ಳಗಳಿಗೆ ಬಂದು, ಬೇಸಿಗೆಗೆ ಮುನ್ನ ಹೊರಟುಹೋಗುವ ಅತಿಥಿ ಇದು. ಇದರ ನೆಂಟ ಕಾಡುಸಿಪಿಲೆ ನಮ್ಮ ತೋಟದೊಳಗೇ ಚಳಿಗಾಲ ಕಳೆಯುತ್ತದೆ. ಗುರುತು ಸುಲಭ: ಉಳಿದವು ಬಾಲವನ್ನು ಮೇಲೆ ಕೆಳಗೆ ಆಡಿಸಿದರೆ ಇದು ಅಕ್ಕಪಕ್ಕಕ್ಕೆ ತೂಗುತ್ತದೆ. ಗಿಡದ ಬುಡದ ತರಗೆಲೆಯಲ್ಲಿ ಹುಳ ಹೆಕ್ಕುವಾಗ ನೋಡಿ.

ಮಿಂಚುಳ್ಳಿ, ಬಕ, ಗರುಡ ಎಲ್ಲವನ್ನೂ ಬರೆದರೆ ಪುಟ ಸಾಲದು. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು (1938–2007) ಕಾಫಿ ಬೆಳೆಯುತ್ತಲೇ ಹಕ್ಕಿಗಳ ಚಿತ್ರ ತೆಗೆದು ಪುಸ್ತಕ ಬರೆದರು. ಅವರಷ್ಟು ತಾಳ್ಮೆ ನಮಗಿಲ್ಲ. ಒಂಬತ್ತು ಗಂಟೆಗೆಲ್ಲ ಹಸಿವಾಯಿತು.

ಪಟ್ಟಣ ದಾಟಿ ಕೆಳಗೆ ನಡೆದಾಗ ಒಂದು ಹಳ್ಳ ಹೊಳೆಗೆ ಸೇರುವ ಜಾಗ ಬಂತು. ನೀರು ಕಂದು, ಮೇಲೆ ನೊರೆ, ಹುಳಿ ವಾಸನೆ. ಅಲ್ಲಿಂದ ಅರ್ಧ ಫರ್ಲಾಂಗು ನಡೆದರೂ ಒಂದು ಸಿಪಿಲೆಯಿಲ್ಲ. ವಾಸನೆಯ ಗುರುತು ಹೇಳಿಕೊಡಬೇಕಾದ್ದಿಲ್ಲವಲ್ಲ! ಪಲ್ಪರ್ ನೀರು. ಹಣ್ಣಿನ ಸಕ್ಕರೆ, ಲೋಳೆ ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ಹೀರುತ್ತದೆ. ಮೀನೂ ಹುಳವೂ ಸತ್ತ ಮೇಲೆ ಹಕ್ಕಿಗೆ ಅಲ್ಲೇನು ಕೆಲಸ? ಪಟ್ಟಣದ ಚರಂಡಿಯನ್ನು ಬೈಯುವುದು ನಮಗೆ ಸುಲಭ. ಆದರೆ ಕುಯಿಲಿನ ಕಾಲಕ್ಕೆ ಹೊಳೆ ಸೊರಗಿರುತ್ತದೆ, ಆಗಲೇ ನಾವು ಇದನ್ನು ಬಿಡುತ್ತೇವೆ. ಈ ನೀರೇ ಆಲೂರಿನ ಕಡೆ ಹರಿದು ಗೊರೂರು ಅಣೆಕಟ್ಟೆಯಲ್ಲಿ ನಿಲ್ಲುವುದು.

ನಮ್ಮ ಮೂವರಲ್ಲೇ ಒಬ್ಬರ ತೋಟದ ನೀರು ಆ ಹಳ್ಳಕ್ಕೆ ಬೀಳುತ್ತದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಗುಂಡಿ ತುಂಬಿ ಮೂರು ದಿನ ಆಯ್ತು ಕಣ್ರಿ, ಹಣ್ಣು ಕಾಯುತ್ತಾ?" ಎಂದರು. ಅವರನ್ನು ದೂರುವ ಬಾಯಿ ನಮಗಿರಲಿಲ್ಲ.

ಹಕ್ಕಿಯಿಂದ ನಮಗೇನು ಎನ್ನುವವರಿಗೆ ಒಂದು ಮಾತು. ಜಮೈಕಾದಲ್ಲಿ ಕೆಲವು ಕಾಫಿ ಗಿಡಗಳಿಗೆ ಹಕ್ಕಿ ಬಾರದಂತೆ ಬಲೆ ಕಟ್ಟಿ ನೋಡಿದರು. ಬಲೆಯೊಳಗಿನ ಗಿಡಗಳಲ್ಲಿ ಕಾಯಿಕೊರಕದ ಕಾಟ ಹೆಚ್ಚಿತ್ತು. 2008ರಲ್ಲಿ ಇದು ಪ್ರಕಟವಾಯಿತು. ಮರಗಸಿ ಮಾಡುವಾಗ ಅತ್ತಿ, ಬಸರಿಗಳನ್ನು ಉಳಿಸಿಕೊಳ್ಳಲು ಇದೂ ಒಂದು ಕಾರಣ.

ಪಲ್ಪರ್ ನೀರಿಗೆ ಸುಣ್ಣ ಹಾಕಿ ಹುಳಿ ಮುರಿದು, ಮೊದಲು ಗಾಳಿಯಾಡದ ಆಳದ ಗುಂಡಿಯಲ್ಲಿ, ಆಮೇಲೆ ಗಾಳಿಯಾಡುವ ತೊಟ್ಟಿಯಲ್ಲಿ ನಿಲ್ಲಿಸಬೇಕು. ಹಣ್ಣು ತೊಳೆಯುವ ನೀರನ್ನು ಮತ್ತೆ ಬಳಸಿದರೆ ಗುಂಡಿ ಅಷ್ಟು ಬೇಗ ತುಂಬುವುದಿಲ್ಲ. ನಮ್ಮ ಆ ಗೆಳೆಯರು ಈಗ ಎರಡನೆಯ ಗುಂಡಿ ತೋಡಿಸುತ್ತಿದ್ದಾರೆ. ಅಳತೆ, ಖರ್ಚಿನ ಲೆಕ್ಕ ಬೇಕಾದವರು ಸಂಘದ ಕಚೇರಿಯಲ್ಲಿ ಕೇಳಬಹುದು.