ಲಖನೌದ ಒಂದು ಅಡಿಗಲ್ಲು

ಲಖನೌದ ಯೂನಿವರ್ಸಿಟಿ ರಸ್ತೆಯ ಬೀರಬಲ್ ಸಾಹನಿ ಪುರಾವಿಜ್ಞಾನ ಸಂಸ್ಥೆಗೆ ನಾನು ಹೋದದ್ದು ಒಂದು ಅಡಿಗಲ್ಲು ನೋಡಲು. ಅಡಿಗಲ್ಲೆಂದರೆ ಸಾಮಾನ್ಯವಾಗಿ ಗಣ್ಯರ ಹೆಸರು, ತಾರೀಕು, ಅಷ್ಟೇ. ಇದು ಹಾಗಲ್ಲ. ಅಮೃತಶಿಲೆ ಬೆರೆತ ಸಿಮೆಂಟಿನ ಹಲಗೆಯಲ್ಲಿ ದೇಶದೇಶಗಳ, ಯುಗಯುಗಗಳ ಪಳೆಯುಳಿಕೆಗಳನ್ನು, ಉಂಗುರಕ್ಕೆ ಹರಳು ಕಟ್ಟುವ ಹಾಗೆ ಕೂರಿಸಿದ್ದಾರೆ. ಒಂದಕ್ಕೊಂದು ಎಂದೂ ಮುಖ ನೋಡದ ಜೀವಗಳು ಅಲ್ಲಿ ಅಕ್ಕಪಕ್ಕ ಕೂತಿವೆ. ಆ ಹಲಗೆಯ ಮುಂದೆ ನಾನು ಬಹಳ ಹೊತ್ತು ನಿಂತೆ.

1949ರ ಏಪ್ರಿಲ್ 3ರಂದು ನೆಹರೂ ಅದನ್ನು ನೆಟ್ಟರು. ವಾರ ಕಳೆಯುವಷ್ಟರಲ್ಲಿ, ಏಪ್ರಿಲ್ 10ರಂದು, ಸಂಸ್ಥೆಯ ಸ್ಥಾಪಕ, ಸಸ್ಯವಿಜ್ಞಾನಿ ಬೀರಬಲ್ ಸಾಹನಿ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 57. ಕಟ್ಟಡ ಎದ್ದಿರಲಿಲ್ಲ. ಈ ಸಂಸ್ಥೆಯನ್ನು ಸಾಕಿ ಬೆಳೆಸು ಎಂದು ಕೊನೆಯ ಗಳಿಗೆಯಲ್ಲಿ ಹೆಂಡತಿಗೆ ಹೇಳಿದರಂತೆ. ಸಾವಿತ್ರಿ ಸಾಹನಿ ಬೆಳೆಸಿದರು. 1946ರಲ್ಲಿ ಗಂಡಹೆಂಡತಿ ಸೇರಿ ತಮ್ಮ ಹಣ, ಪುಸ್ತಕ, ಪಳೆಯುಳಿಕೆಗಳನ್ನೆಲ್ಲ ಕೊಟ್ಟು ಟ್ರಸ್ಟ್ ಮಾಡಿದ್ದರು. ಈಗ ಅದರ ಪೂರ್ತಿ ಹೊರೆ ಆಕೆಯ ಮೇಲೆ ಬಿತ್ತು. 1953ರ ಜನವರಿ 2ರಂದು ಹೊಸ ಕಟ್ಟಡ ತೆರೆಯಿತು. ಸಾಹನಿಯವರ ಸಮಾಧಿ ಅದೇ ಆವರಣದಲ್ಲಿದೆ. ವಿಜ್ಞಾನದ ಚರಿತ್ರೆ ಬರೆಯುವವರು ಸಾವಿತ್ರಿಯವರಿಗೆ ಒಂದು ಸಾಲು ಕೊಟ್ಟು ಮುಂದೆ ಹೋಗುವುದು ನನಗೆ ಸರಿಕಾಣುವುದಿಲ್ಲ.

ಇಲ್ಲಿನ ಕಸುಬು ತಾಳ್ಮೆಯದು. ಕಲ್ಲಾದ ಮರದ ತುಂಡನ್ನು ವಜ್ರದಂಚಿನ ಗರಗಸದಲ್ಲಿ ಕೊಯ್ದು, ಬಿಲ್ಲೆಯನ್ನು ಗಾಜಿಗೆ ಅಂಟಿಸಿ, ಕಾರ್ಬೊರಂಡಮ್ ಪುಡಿಯಲ್ಲಿ ತಿಕ್ಕಬೇಕು. ತಿಕ್ಕುತ್ತಾ ತಿಕ್ಕುತ್ತಾ ಕಲ್ಲು ಕೂದಲಿಗಿಂತ ತೆಳುವಾಗಿ, ಬೆಳಕು ಅದರೊಳಗೆ ಹಾಯತೊಡಗುತ್ತದೆ. ಒಂದು ಸುತ್ತು ಹೆಚ್ಚಾದರೆ ಎಲ್ಲ ಕೆಸರು. ಹದ ಸಿಕ್ಕರೆ ಸೂಕ್ಷ್ಮದರ್ಶಕದಡಿ ನೀರೇರಿದ ನಾಳಗಳು ಸಾಲಾಗಿ ಕಾಣುತ್ತವೆ, ಈಗಷ್ಟೇ ಕಡಿದ ಕೊಂಬೆಯ ಹಾಗೆ. ರಾಜಮಹಲ್ ಬೆಟ್ಟಗಳ ಇಂಥ ಕಲ್ಲುಗಳಿಂದಲೇ ಸಾಹನಿ ಪೆಂಟಾಕ್ಸಿಲಾನ್ ಎಂಬ ಗಿಡ ಬೇರೆಯದೇ ಗುಂಪಿನದು ಎಂದು ಗುರುತಿಸಿದ್ದು. ಅದರ ಕಾಂಡದಲ್ಲಿ ಸಾಮಾನ್ಯವಾಗಿ ಐದು ಕಟ್ಟಿಗೆಯ ಕಂತೆಗಳು. ಇವತ್ತು ಬದುಕಿರುವ ಯಾವ ಗಿಡದ ಗುಂಪಿಗೂ ಅದು ನೇರವಾಗಿ ಸೇರುವುದಿಲ್ಲ.

ಗಿಡಗಳಿಗೂ ಬಹಳ ಹಿಂದೆ ಪಾಚಿಯ ಕಾಲ. ಚಿತ್ರಕೂಟದ ಸುಮಾರು 160 ಕೋಟಿ ವರ್ಷ ಹಳೆಯ ಬಂಡೆಗಳಲ್ಲಿ ಕೆಂಪುಪಾಚಿಯಂಥ ಎಳೆಗಳು ಸಿಕ್ಕಿವೆಯೆಂದು 2017ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಪ್ರಕಟಿಸಿದರು. ಜೀವಕೋಶಗಳ ನಡುವಿನ ಅಡ್ಡಗೋಡೆಗಳೂ ಉಳಿದಿವೆ. ಗಿಡಪ್ರಾಣಿಗಳಂಥ ಬಹುಕೋಶ ಜೀವನ ತೀರಾ ಈಚಿನದು ಎಂದುಕೊಂಡಿದ್ದವರಿಗೆ ಅದು ದೊಡ್ಡ ಸುದ್ದಿ. ಅವು ಸಿಕ್ಕಿದ್ದು ಸ್ಟ್ರೊಮಾಟೊಲೈಟ್ ಎಂಬ ಪದರಗಲ್ಲಿನ ನಡುವೆ. ಕೆಸರನ್ನು ಹಿಡಿದಿಟ್ಟು, ಪದರದ ಮೇಲೆ ಪದರ ಕಟ್ಟಿದ ಸೂಕ್ಷ್ಮಜೀವಿಗಳ ಮನೆಯದು.

ಆ ಪದರಗಲ್ಲು ನಮ್ಮಲ್ಲೂ ಇದೆ: ಶಿವಮೊಗ್ಗದ ಕುಂಸಿಯಲ್ಲಿ, ಬಾಗಲಕೋಟೆಯ ಲೋಕಾಪುರದ ಕಡೆ. ಕೋಸಿನ ಗಡ್ಡೆಯನ್ನು ಅಡ್ಡ ಕೊಯ್ದಂತೆ ಸುತ್ತುಸುತ್ತು ಗೆರೆಗಳು. ನೋಡಿದವರೆಷ್ಟು ಮಂದಿ? ಬಾಗಲಕೋಟೆ ಸೀಮೆಯ ಸುಣ್ಣಕಲ್ಲು ಲಾರಿಗಟ್ಟಲೆ ಸಿಮೆಂಟಿಗೆ ಹೋಗುತ್ತದೆ. ಲಖನೌದಲ್ಲಿ ಒಬ್ಬರು ಅದೇ ಸಿಮೆಂಟು ಕಲಸಿ, ಪಳೆಯುಳಿಕೆಗಳನ್ನು ಒಂದೊಂದಾಗಿ ಅದರಲ್ಲಿ ಕೂರಿಸಿದ್ದರು.